ಮೀನಿನ ಟ್ಯಾಂಕಿಗೆ ನೆರೆ ಬ್ಯಾಕಪ್: ನಿದ್ದೆಗೆ ಜಾರುವ ಪವರ್‌ಬ್ಯಾಂಕ್‌ಗೆ ವಿದಾಯ

ನೆರೆ ಬಂದರೆ ನಾಯಿ, ಬೆಕ್ಕನ್ನು ಎತ್ತಿಕೊಂಡು ಟ್ರ್ಯಾಕ್ಟರ್ ಹತ್ತಬಹುದು. ಮೀನಿನ 100 ಲೀಟರ್ ಟ್ಯಾಂಕ್ ಇದ್ದಲ್ಲೇ ಉಳಿಯಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳು ಮುಳುಗಿದವು. ಅದೇ ಹೊತ್ತಿಗೆ ನಗರಕ್ಕೆ ಕಾವೇರಿ ನೀರು ಕಳಿಸುವ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್‌ಗೂ ನೀರು ನುಗ್ಗಿ ಕಾವೇರಿ ಪೂರೈಕೆ ಕೈಕೊಟ್ಟಿತು. ಹಾಗಾಗಿ ಗುರಿ ಎರಡು: ಕರೆಂಟ್ ಹೋದರೂ ಮೀನಿಗೆ ಎರಡು ದಿನ ಗಾಳಿ, ನಲ್ಲಿ ನಿಂತರೂ 40 ಲೀಟರ್ ಕ್ಲೋರಿನ್ ತೆಗೆದ ನೀರು. ನೀರಿನ ಕೆಲಸ 20 ಲೀಟರಿನ ಎರಡು ಕ್ಯಾನ್‌ನಲ್ಲಿ ಮುಗಿಯಿತು. ಸಂಪ್‌ಗೆ ಚರಂಡಿ ನೀರು ಸೇರಿರಬಹುದು, ಅದನ್ನು ನಂಬಬೇಡಿ.

ತಲೆ ತಿಂದದ್ದು ಗಾಳಿ. ಯೋಜನೆ ಸರಳವಿತ್ತು: 5 ವೋಲ್ಟ್, 1 ವ್ಯಾಟ್ ಗಾಳಿ ಪಂಪ್, ಸ್ಪಾಂಜ್ ಫಿಲ್ಟರ್, 10,000 ಎಂಎಎಚ್ ಪವರ್‌ಬ್ಯಾಂಕ್. ಒಳಗಿನ ಸೆಲ್ ಲೆಕ್ಕದಲ್ಲಿ ಅದು 37 ವ್ಯಾಟ್-ಅವರ್, ಅಂದರೆ 1 ವ್ಯಾಟ್ ಪಂಪ್‌ಗೆ 37 ಗಂಟೆ. ನಷ್ಟ ಕಳೆದು ಕೈಗೆ ಸಿಗುವುದು 24ರ ಆಸುಪಾಸು, ಅಂದರೆ ಒಂದು ದಿನ. ಅದನ್ನು ಎರಡು ದಿನ ಎಳೆಯಲು 15 ನಿಮಿಷ ಆನ್, 15 ನಿಮಿಷ ಆಫ್ ಟೈಮರ್ ಸೇರಿಸಿದ್ದೇ ತಡ, ಪಂಪ್ ಮೊದಲ ಆಫ್ ಆದ ಮೇಲೆ ಮತ್ತೆ ಏಳಲೇ ಇಲ್ಲ.

ಕಾರಣ: ಕರೆಂಟ್ 50–100 ಮಿಲಿಆಂಪ್‌ಗಿಂತ ಕೆಳಗಿಳಿದರೆ ಬಹುತೇಕ ಪವರ್‌ಬ್ಯಾಂಕ್‌ಗಳು ಫೋನ್ ತುಂಬಿತೆಂದು ತಿಳಿದು ಔಟ್‌ಪುಟ್ ಮುಚ್ಚುತ್ತವೆ. ಟೈಮರ್‌ಗೂ ಅದರಿಂದಲೇ ಕರೆಂಟ್, ಹಾಗಾಗಿ ಎಬ್ಬಿಸುವವರೇ ಇಲ್ಲ. 47 ಓಮ್ ರೆಸಿಸ್ಟರ್ ಹಾಕಿ 106 ಮಿಲಿಆಂಪ್ ಸುಟ್ಟರೆ ಅದು ಎಚ್ಚರವಾಗಿರುತ್ತದೆ, ನಿಜ. ಆದರೆ ಸುಡುವುದು 0.53 ವ್ಯಾಟ್, ಟೈಮರ್ ಉಳಿಸುವುದು ಸರಾಸರಿ 0.5. ಇದರ ಮೇಲೆ, ಪಂಪ್ ಆನ್-ಆಫ್ ಮಾಡುವ ಸ್ವಿಚ್ಚಾದ 5 ವೋಲ್ಟ್ ರಿಲೇಯ ಕಾಯಿಲ್ 70 ಮಿಲಿಆಂಪ್ ನುಂಗುತ್ತದೆ.

ಈಗ ಗೆದ್ದಿರುವುದು ಹಳೇ ಕಾಲದ 12 ವೋಲ್ಟ್, 7 ಎಎಚ್ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ. ಅದಕ್ಕೆ ನಿದ್ದೆಯ ಚಾಳಿ ಇಲ್ಲ. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್‌ನಲ್ಲಿ 5 ವೋಲ್ಟ್, ಎಟಿಟೈನಿ85 ಎಂಬ ಪುಟ್ಟ ಚಿಪ್‌ನ ಟೈಮರ್, ರಿಲೇ ಬದಲು ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್), ಆಫ್ ಆದಾಗಿನ ವೋಲ್ಟೇಜ್ ಏಟು ತಡೆಯಲು ಪಂಪ್‌ಗೆ ಅಡ್ಡವಾಗಿ 1ಎನ್5819 ಡಯೋಡ್, ಬ್ಯಾಟರಿಯ ಪ್ಲಸ್ ತುದಿಯಲ್ಲೇ 1 ಆಂಪ್ ಫ್ಯೂಸ್. ಅರ್ಧ ಚಾರ್ಜ್ ಮಾತ್ರ ಬಳಸಿದರೂ ಲೆಕ್ಕಕ್ಕೆ ಸುಮಾರು 60 ಗಂಟೆ ಬರುತ್ತದೆ. ಟೈಮರ್ ಇಲ್ಲದೆ 33. ಮೀನು ಒತ್ತೊತ್ತಾಗಿದ್ದರೆ, ಗಿಡ ಹೆಚ್ಚಿದ್ದರೆ ರಾತ್ರಿ ಟೈಮರ್ ಬೇಡ: ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಎಳೆಯುತ್ತವೆ.

ಅಂಗಡಿಯವರ ಬಗ್ಗೆ ಒಂದು ಮಾತು. ಐಆರ್‌ಎಲ್ ಕೇಳಿದರೆ ಐಆರ್‌ಎಫ್‌ಝಡ್44ಎನ್ ಕಟ್ಟಿಕೊಡುತ್ತಾರೆ, ‘ಎರಡೂ ಒಂದೇ ಸಾರ್’ ಅನ್ನುತ್ತಾರೆ. ಒಂದಲ್ಲ! ಎಫ್ ಪೂರ್ತಿ ತೆರೆಯಲು ಅದರ ಗೇಟಿಗೆ (ಸ್ವಿಚ್ ಒತ್ತುವ ಕಾಲಿಗೆ) 10 ವೋಲ್ಟ್ ಬೇಕು, ನಮ್ಮ ಬಳಿ ಇರುವುದು 5. ಬ್ಯಾಟರಿಯೂ ಅಷ್ಟೇ: ವರ್ಷಗಟ್ಟಲೆ ಧೂಳು ತಿಂದದ್ದನ್ನು ಹೊಸದೆಂದು ಕೊಡುತ್ತಾರೆ. ತಯಾರಿಕೆಯ ತಿಂಗಳು ನೋಡಿ, ಮೀಟರ್ ಹಿಡಿದು 12.6 ವೋಲ್ಟ್ ಬಂದರಷ್ಟೇ ದುಡ್ಡು ಕೊಡಿ.

15 ನಿಮಿಷದ ಟೈಮರ್ ಎಂದರೆ ದಿನಕ್ಕೆ 48 ಬಾರಿ ನಿಲುಗಡೆ, ಪ್ರತಿ ಬಾರಿಯೂ ನೀರು ಕೊಳವೆಯಲ್ಲಿ ಹಿಂದಕ್ಕೆ ಬರಲು ನೋಡುತ್ತದೆ. ಇದನ್ನು ತಡೆಯಬೇಕಾದ್ದು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್, ಆದರೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದು ತಡೆಯದು. ಹೊಸದು ಹಾಕಿ, ಪಂಪ್, ಬ್ಯಾಟರಿಗಳನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಟ್ಯಾಂಕಿನ ಹೊರಗಿರುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಕರೆಂಟ್ ಬಂದ ತಕ್ಷಣ ಚಾಲೂ ಮಾಡಬೇಡಿ. ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು (ನೀರು ಸೋಸುವ ಒಳಸಾಮಗ್ರಿಯನ್ನು) ಟ್ಯಾಂಕಿನ ನೀರಲ್ಲಿ ಜಾಲಿಸಿ. ಫಿಲ್ಟರ್ ಮತ್ತೆ ಓಡುವವರೆಗೆ ಮೀನಿಗೆ ಊಟವೂ ಬೇಡ.

ಮನೆಯೇ ಬಿಡಬೇಕಾದರೆ? ಮುಂದಿನ ಕೆಲಸ ಅದೇ, ಮೀನು ಒಯ್ಯಲು ಥರ್ಮಾಕೋಲ್ ಪೆಟ್ಟಿಗೆ. ಜೋಡಿ ಚೀಲ, ಒಂದು ಪಾಲು ನೀರು, ಎರಡು ಪಾಲು ಗಾಳಿ. ಕ್ಯಾಟ್‌ಫಿಶ್‌ನ ಮುಳ್ಳು ಚೀಲ ತೂತು ಮಾಡುವುದರಿಂದ ಅವಕ್ಕೆ ಮುಚ್ಚಳದ ಬಕೆಟ್, ಮುಚ್ಚಳದಲ್ಲಿ ಏರ್ ಟ್ಯೂಬ್‌ಗೊಂದು ತೂತು, ಗಾಳಿ ಹೊರಹೋಗಲು ಇನ್ನೊಂದು.