ಕಡಮತ್‌ಗೆ ನಾವಿಬ್ಬರೇ

ಮದುವೆಯಾಗಿ 25 ವರ್ಷ ತುಂಬಿತು, ಎಲ್ಲಿಗಾದರೂ ಹೋಗೋಣ ಅಂತ ಇವರು ಅಂದಾಗ ನಾನು ಯೋಚನೆಯನ್ನೇ ಮಾಡದೆ ಹಡಗು ಅಂದೆ. ಮುಂಬೈಯಿಂದ ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೋಗಿ ಬರುವ ದೊಡ್ಡ ಹಡಗಿನ ಬಗ್ಗೆ ಬ್ಯಾಂಕಿನಲ್ಲಿ ಗೆಳತಿಯೊಬ್ಬಳು ಹೇಳಿದಾಗಿನಿಂದ ಆಸೆ ಇತ್ತು.

ನನಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಇವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಹಗಲು ಹೊತ್ತು ಎದುರಿಗಿರುವುದು ಒಂದಿಷ್ಟು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ, ಕತ್ತಲಾದರೆ ಏನೂ ಇಲ್ಲ. ಹಗಲಲ್ಲಿ ಇವರು ನನಗೆ ಬೋರ್ಡು ಓದಿ ಹೇಳುತ್ತಾರೆ, ರಾತ್ರಿ ನಾನು ಇವರನ್ನು ಕರೆದುಕೊಂಡು ಹೋಗುತ್ತೇನೆ. ನಮ್ಮ ಸಂಸಾರ ಹೀಗೇ ನಡೆದುಕೊಂಡು ಬಂದಿದೆ.

ಜಯನಗರದ ಟ್ರಾವೆಲ್ ಏಜೆನ್ಸಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಜೊತೆಗೆ ಯಾರು ಬರ್ತಾರೆ?"

"ನಾವಿಬ್ಬರೇ."

"ಅಲ್ಲ ಮೇಡಂ, ನಿಮ್ಮನ್ನ ನೋಡ್ಕೊಳ್ಳೋರು?"

ಕಣ್ಣು ಕಾಣುವವರೊಬ್ಬರು ಜೊತೆಗಿಲ್ಲದೆ ಬುಕಿಂಗ್ ಆಗುವುದಿಲ್ಲ ಅಂದರು. ಹಾಗಂತ ಎಲ್ಲಿ ಬರೆದಿದೆ ಅಂದರೆ ಉತ್ತರವಿಲ್ಲ. ಅವತ್ತು ರಾತ್ರಿ ಕಂಪ್ಯೂಟರ್ ಮುಂದೆ ಕೂತು ಒಂದು ಪತ್ರ ಬರೆದೆ. ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಮೂರನೇ ಸೆಕ್ಷನ್ ಹೇಳುತ್ತದೆ, ಅದನ್ನೂ ಸೇರಿಸಿದೆ. ಕೆಲವು ದಿನದ ಮೇಲೆ ಬುಕಿಂಗ್ ಮಾಡುತ್ತೇವೆ ಅಂದರು, ಆದರೆ ಏನಾದರೂ ಆದರೆ ನಮ್ಮದೇ ಜವಾಬ್ದಾರಿ ಅಂತ ಬರೆದುಕೊಡಬೇಕಂತೆ. ಹಡಗು ಹತ್ತುವ ಎಲ್ಲರೂ ಅದಕ್ಕೆ ಸಹಿ ಹಾಕುವುದಾದರೆ ನಾವೂ ಹಾಕುತ್ತೇವೆ ಅಂತ ಇವರು ಹೇಳಿದರು. ಆಮೇಲೆ ಆ ಕಾಗದದ ಸುದ್ದಿ ಬರಲಿಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಹೋಗಿ, ಸಿಎಸ್‌ಎಂಟಿ ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ತಲುಪಿದೆವು. ಅಲ್ಲಿ ಎರಡು ಗಾಲಿಕುರ್ಚಿ ತಂದು ನಿಲ್ಲಿಸಿದರು. ನಡೆಯುತ್ತೇವೆ, ಒಬ್ಬರು ಮೊಣಕೈ ಕೊಟ್ಟರೆ ಸಾಕು ಅಂದೆವು. ಒಬ್ಬ ಹುಡುಗಿ ಬಂದು ಮೊಣಕೈ ಕೊಟ್ಟಳು, ಅಲ್ಲಿಗೆ ಮುಗಿಯಿತು.

ಹಡಗು ಹೊರಡುವ ಮೊದಲು ಸುರಕ್ಷತಾ ಡ್ರಿಲ್ ಇರುತ್ತದೆ. ಏಳು ಗಿಡ್ಡ ಸೀಟಿ, ಹಿಂದೆಯೇ ಒಂದು ಉದ್ದ ಸೀಟಿ ಕೇಳಿದರೆ ಎಲ್ಲರೂ ತಮಗೆ ಹೇಳಿದ ಜಾಗಕ್ಕೆ ಬಂದು ನಿಲ್ಲಬೇಕು. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ದೇಶಗಳು ಸೇರಿ ಸಮುದ್ರ ಸುರಕ್ಷತೆಯ ಒಪ್ಪಂದ ಮಾಡಿಕೊಂಡವು. ಹಡಗು ಹೊರಡುವ ಮೊದಲೋ ಹೊರಟ ತಕ್ಷಣವೋ ಡ್ರಿಲ್ ಆಗಲೇಬೇಕು ಅನ್ನುವುದು ಮಾತ್ರ ಇತ್ತೀಚಿನ ನಿಯಮ, 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿ 32 ಜನ ಸತ್ತ ಮೇಲೆ ಬಂದದ್ದು. ನಮ್ಮ ಡ್ರಿಲ್‌ನಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳುವುದು ಹೇಗೆ ಅಂತ ಒಬ್ಬರು ಮುಂದೆ ನಿಂತು ತೋರಿಸಿದರು. ನಮಗೆ ಕೇಳಿಸಿದ್ದು "ಹೀಗೆ, ಆಮೇಲೆ ಹೀಗೆ" ಅಷ್ಟೇ. ಡ್ರಿಲ್ ಮುಗಿದ ಮೇಲೆ ಅಧಿಕಾರಿಯೊಬ್ಬರನ್ನು ನಿಲ್ಲಿಸಿ ಜಾಕೆಟ್ ಕೈಗೆ ಕೊಡಿ ಅಂದೆ. ಅವರು ಬಿಡುವು ಮಾಡಿಕೊಂಡು ಬಕಲ್ ಎಲ್ಲಿ, ಸೀಟಿ ಎಲ್ಲಿ, ನೀರಿಗೆ ಬಿದ್ದರೆ ಹತ್ತಿಕೊಳ್ಳುವ ದೀಪ ಎಲ್ಲಿ ಅಂತ ನನ್ನ ಬೆರಳಿಗೆ ಮುಟ್ಟಿಸಿದರು. ನಮ್ಮ ಕೋಣೆಯಿಂದ ಆ ಜಾಗದವರೆಗೆ ನಮ್ಮ ಜೊತೆ ನಡೆದೂ ಬಂದರು. ಇಡೀ ಪ್ರವಾಸದಲ್ಲಿ ನಮಗೆ ಸಿಕ್ಕಿದ ಅತ್ಯಂತ ಒಳ್ಳೆಯ ಸಹಾಯ ಅದು.

ಯಾಕೆಂದರೆ ದಾರಿ ಒಂದು ಸಲ ಗೊತ್ತಾದ ಮೇಲೆ ಹಡಗು ನಮ್ಮದಾಯಿತು. ಇದನ್ನು ಬೆಂಗಳೂರಿನಲ್ಲಿರುವ ಕುರುಡರಿಗೆ ಮಾತ್ರ ಪೂರ್ತಿ ಅರ್ಥ ಮಾಡಿಸಬಹುದೇನೋ. ಬಸವನಗುಡಿಯಲ್ಲಿ ಮನೆಯಿಂದ ಗಾಂಧಿಬಜಾರಿಗೆ ಹೋಗುವ ದಾರಿಯನ್ನು ನಾನು ವರ್ಷಗಟ್ಟಲೆ ನಡೆದಿದ್ದೇನೆ. ಆದರೂ ಅದು ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಚಪ್ಪಡಿ ಕಿತ್ತಿರುತ್ತಾರೆ, ಜಲ್ಲಿ ಸುರಿದಿರುತ್ತಾರೆ, ಫುಟ್‌ಪಾತಿನ ಮೇಲೇ ಬೈಕು ಬರುತ್ತದೆ. ಮೆಟ್ರೋ ನಿಲ್ದಾಣದ ಒಳಗಿನ ಉಬ್ಬು ಪಟ್ಟಿ ಹಿಡಿದು ಎಷ್ಟು ನಿಶ್ಚಿಂತೆಯಿಂದ ನಡೆದರೂ ಗೇಟು ದಾಟಿದ ಕೂಡಲೇ ಮತ್ತೆ ಅದೇ ಕಥೆ. ಹಡಗಿನಲ್ಲಿ ಕಾರಿಡಾರಿನ ಉದ್ದಕ್ಕೂ ಕಂಬಿ ಇದೆ, ನಿನ್ನೆ ಇದ್ದ ಬಾಗಿಲು ಇವತ್ತೂ ಅಲ್ಲೇ ಇದೆ. ಹಿಂಭಾಗಕ್ಕೆ ಹೋದಷ್ಟೂ ಪಾದಕ್ಕೆ ಇಂಜಿನ್ನಿನ ನಡುಕ ಜಾಸ್ತಿ. ಈಜುಕೊಳ ಹತ್ತಿರವಾದರೆ ಕ್ಲೋರಿನ್ ವಾಸನೆ. ಹೊರಗಿನ ಡೆಕ್ಕಿನಲ್ಲಿ ಗಾಳಿ ಯಾವ ಕೆನ್ನೆಗೆ ಹೊಡೆಯುತ್ತದೆ ಅನ್ನುವುದರ ಮೇಲೆ ಯಾವ ಕಡೆ ನಡೆಯುತ್ತಿದ್ದೇನೆ ಅಂತ ತಿಳಿಯುತ್ತದೆ. ಬೆಳಗ್ಗೆ ಇವರಿನ್ನೂ ಮಲಗಿದ್ದಾಗ ನಾನೊಬ್ಬಳೇ ಎದ್ದು ಹೋಗಿ, ಡೆಕ್ ಸುತ್ತಿ, ಕಾಫಿ ಕುಡಿದು ಬಂದೆ. ಯಾರೂ "ಹುಷಾರು ಹುಷಾರು" ಅನ್ನಲಿಲ್ಲ. ನನಗೆ ಅಳು ಬಂತು.

ಕೋಣೆಯನ್ನು ನಮ್ಮ ರೀತಿಯಲ್ಲಿ ಸಿದ್ಧ ಮಾಡಿಕೊಂಡೆವು. ಬಾಗಿಲ ಹಿಡಿಗೆ ಒಂದು ರಬ್ಬರ್ ಬ್ಯಾಂಡ್. ಕೀ ಕಾರ್ಡಿನ ಎರಡೂ ಮುಖ ಒಂದೇ ನುಣುಪು, ಮೇಲ್ಮುಖ ಯಾವುದೆಂದು ತಿಳಿಯಲು ಮೂಲೆಗೆ ನನ್ನ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಶಾಂಪೂ, ಕಂಡೀಷನರ್ ಬಾಟಲಿ ಒಂದೇ ಆಕಾರ, ಅದರಲ್ಲಿ ಒಂದಕ್ಕೆ ಇನ್ನೊಂದು ರಬ್ಬರ್ ಬ್ಯಾಂಡ್. ತೊಂದರೆಯಾದದ್ದು ಕಾಗದದ್ದು. ದಿನದ ಕಾರ್ಯಕ್ರಮದ ಪಟ್ಟಿಯನ್ನು ಅಚ್ಚು ಹಾಕಿ ಬಾಗಿಲ ಕೆಳಗೆ ತೂರಿಸುತ್ತಿದ್ದರು. ಮನೆಯಲ್ಲಾದರೆ ಫೋನಿನಲ್ಲಿ ಬಿ ಮೈ ಐಸ್ ಆ್ಯಪ್ ತೆರೆದು, ವಿಡಿಯೋದಲ್ಲಿ ಯಾರಾದರೂ ಸ್ವಯಂಸೇವಕರಿಂದ ಓದಿಸಿಕೊಳ್ಳುತ್ತೇವೆ. ನಡುಸಮುದ್ರದಲ್ಲಿ ನೆಟ್ ಎಲ್ಲಿಂದ ಬರಬೇಕು? ಅಕ್ಷರ ಸಣ್ಣದು, ಇವರು ಕಿಟಕಿ ಹತ್ತಿರ ಹಿಡಿದು ಒಂದೊಂದೇ ಸಾಲು ಓದುವಷ್ಟರಲ್ಲಿ ಬೆಳಗಿನ ಕಾರ್ಯಕ್ರಮ ಮುಗಿದಿರುತ್ತಿತ್ತು.

ಬಫೆಯ ಗದ್ದಲದಲ್ಲಿ ಏನು ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಮೊದಲ ಊಟದ ಹೊತ್ತಿಗೆ ನಾವಿಬ್ಬರೂ ಮಾತಾಡುವುದನ್ನು ಕೇಳಿ ಒಬ್ಬ ವೇಟರ್ ಓಡಿ ಬಂದ. "ನೀವ್ ಕನ್ನಡದೋರಾ? ನಂದ್ ಕುಂದಾಪ್ರ. ಎಂತ ಬೇಕ್ ಹೇಳಿ ಅಮ್ಮ." ಉಳ್ಳಾಲದವರಾದ ಇವರಿಗೆ ಕರಾವಳಿಯ ಹುಡುಗ ಸಿಕ್ಕಿದ್ದೇ ಹಬ್ಬ. ತಟ್ಟೆಯನ್ನು ಗಡಿಯಾರ ಅಂದುಕೊಳ್ಳಪ್ಪ, ಅನ್ನ ಆರು ಗಂಟೆಗೆ, ಪಲ್ಯ ಒಂಬತ್ತಕ್ಕೆ ಅಂತ ಹೇಳಿಬಿಡು ಅಂದೆ. ಅವನು ಮರುದಿನದಿಂದ ತಾನೇ "ಹನ್ನೆರಡಕ್ಕೆ ಮೀನ್, ಮುಳ್ಳ್ ತೆಗ್ದಿದೆ" ಅನ್ನುತ್ತಿದ್ದ.

ಇನ್ನು ಕಡಮತ್. ಅಂಥ ಸಣ್ಣ ದ್ವೀಪಕ್ಕೆ ದೊಡ್ಡ ಹಡಗು ತಾಗುವುದಿಲ್ಲ, ಆಳವಿರುವ ಕಡೆ ನಿಂತು ಜನರನ್ನು ದೋಣಿಗೆ ಇಳಿಸುತ್ತಾರೆ. ಇಳಿಯುವ ಬಾಗಿಲಲ್ಲಿ ಒಬ್ಬರು ನಮ್ಮನ್ನು ತಡೆದು, ನೀವು ಹಡಗಿನಲ್ಲೇ ಇರಿ, ಅಲ್ಲಿ ನಿಮಗೆ ಕಷ್ಟ ಅಂದರು. ಅಷ್ಟು ದೂರ ಬಂದು ಬಾಗಿಲಲ್ಲಿ ನಿಂತು ಆ ಮಾತು ಕೇಳುವುದು ಎಷ್ಟು ನೋವು! ನಾವು ವಾದಿಸುತ್ತಿರುವಾಗ ಕೆಳಗಿನಿಂದ ದೋಣಿಯವನು, ದ್ವೀಪದವನೇ, ಕಳಿಸಿ ಅಂತ ಹಿಂದಿಯಲ್ಲಿ ಕೂಗಿದ. ಅವನು ನನ್ನನ್ನು ಎತ್ತಲಿಲ್ಲ, ಎಳೆಯಲಿಲ್ಲ. ನನ್ನ ಅಂಗೈಯನ್ನು ತನ್ನ ಭುಜದ ಮೇಲೆ ಇಟ್ಟುಕೊಂಡು ಸುಮ್ಮನೆ ನಿಂತ. ದೋಣಿ ಏರಿದಾಗ ಭುಜ ನನ್ನ ಎದೆಮಟ್ಟಕ್ಕೆ ಬರುತ್ತಿತ್ತು, ಇಳಿದಾಗ ಕೈ ಪೂರ್ತಿ ಚಾಚಬೇಕಾಗುತ್ತಿತ್ತು. ಹೀಗೆ ಏರಿ ಇಳಿದು ಲಯ ನನಗೆ ಹಿಡಿಯುವವರೆಗೆ ಕಾದು, ಮತ್ತೆ ಏರುವಾಗ "ಇಪ್ಪೊ!" ಅಂದ, ಈಗ ಅಂತ. ಕಾಲಿಟ್ಟೆ. ಹಿಂದೆಯೇ ಇವರೂ ಬಂದರು.

1956ರ ನವೆಂಬರ್ 1ರವರೆಗೆ ಕಡಮತ್ ಮತ್ತು ಅದರ ನೆರೆಯ ಅಮಿನಿದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರಿನ ಹುರಿ ಮಂಗಳೂರಿಗೆ, ಮಂಗಳೂರಿನ ಅಕ್ಕಿ ಅಲ್ಲಿಗೆ. ಇವರು ಇದನ್ನು ಹೇಳಿದ್ದಕ್ಕೆ ದೋಣಿಯವನು ತನ್ನ ಅಜ್ಜ ಮಂಗಳೂರಿನ ಬಂದರಿನ ಕಥೆ ಹೇಳುತ್ತಿದ್ದ ಅಂದ. ದಡ ಮುಟ್ಟುವವರೆಗೂ ಇಬ್ಬರೂ ಅದೇ ಮಾತು.

ಮಲ್ಪೆಯಲ್ಲಿ ಅಲೆ ಕಾಲಿಗೇ ಬಂದು ಒಡೆಯುತ್ತದೆ. ಕಡಮತ್‌ನ ಪಶ್ಚಿಮದ ಕಡೆ ಲಗೂನು ಅನ್ನುವ ಆಳವಿಲ್ಲದ ನೀರು, ಅದರಾಚೆ ಹವಳದ ದಿಬ್ಬ. ಅಲೆಗಳೆಲ್ಲ ಆ ದಿಬ್ಬಕ್ಕೇ ಹೊಡೆದು ನಿಲ್ಲುತ್ತವೆ. ಹಾಗಾಗಿ ಮೊರೆತ ಎಲ್ಲೋ ದೂರದಲ್ಲಿ ಉದ್ದಕ್ಕೆ ಗೋಡೆ ಕಟ್ಟಿದಂತೆ ಕೇಳಿಸುತ್ತಿರುತ್ತದೆ, ಮೊಣಕಾಲಿನ ಸುತ್ತ ನೀರು ಮಾತ್ರ ಅಲುಗುವುದೇ ಇಲ್ಲ. ಸಮುದ್ರದ ಸದ್ದು ಒಂದು ಕಡೆ, ಸ್ಪರ್ಶ ಇನ್ನೊಂದು ಕಡೆ. ಇಂಥದ್ದನ್ನು ನಾನು ಎಂದೂ ಅನುಭವಿಸಿರಲಿಲ್ಲ. ದಡಕ್ಕೆ ಬಂದು ಬಿದ್ದಿದ್ದ ಸತ್ತ ಹವಳದ ತುಂಡೊಂದನ್ನು ಇವರು ಹುಡುಕಿ ಕೈಗಿಟ್ಟರು. ಶಾವಿಗೆ ಒರಳಿನ ಬಿಲ್ಲೆಯ ಹಾಗೆ ಮೈಯೆಲ್ಲ ತೂತು. ಹವಳ ತರುವುದು ಕಾನೂನಿಗೆ ವಿರುದ್ಧ, ಅಲ್ಲೇ ಬಿಟ್ಟು ಬಂದೆವು.

ಬೆಂಗಳೂರಿಗೆ ಬಂದ ಮೇಲೆ ಹಡಗಿನ ಕಂಪನಿಗೆ ಮೂರು ವಿಷಯ ಕೇಳಿ ಪತ್ರ ಬರೆದಿದ್ದೇನೆ. ಕಾರ್ಯಕ್ರಮದ ಪಟ್ಟಿಯನ್ನು, ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಓದುವಂತೆ ಫೋನಿಗೆ ಕಳಿಸಿ. ಹತ್ತಿದ ದಿನವೇ ಯಾರಾದರೂ ಒಬ್ಬರು ಜೊತೆಗೆ ನಡೆದು ಹಡಗಿನ ದಾರಿ ತೋರಿಸಲಿ, ಡ್ರಿಲ್‌ನಲ್ಲಿ ಜಾಕೆಟ್ ಮುಟ್ಟಿ ನೋಡಲು ಕೊಡಲಿ. ದೋಣಿಗೆ ಇಳಿಯಬೇಕೋ ಬೇಡವೋ ಅನ್ನುವುದನ್ನು ನಮ್ಮನ್ನು ಕೇಳಿ ತೀರ್ಮಾನಿಸಿ. ಆ ಅಧಿಕಾರಿ, ಕುಂದಾಪುರದ ಹುಡುಗ, ದೋಣಿಯವನು ಏನೇನು ಮಾಡಿದರು ಅಂತಲೂ ವಿವರವಾಗಿ ಬರೆದೆ, ಅವರಿಗೆ ಒಳ್ಳೆಯ ಹೆಸರು ಬರಲಿ ಅಂತ. ಪತ್ರ ತಲುಪಿದೆ ಅನ್ನುವ ಉತ್ತರ ಬಂದಿದೆ, ಏನು ಮಾಡುತ್ತಾರೆ ಅನ್ನುವುದು ಇನ್ನೂ ಬಂದಿಲ್ಲ. ಸೋಮವಾರ ಫೋನ್ ಮಾಡುತ್ತೇನೆ. ಏಜೆನ್ಸಿಗೆ ಬರೆದ ಮೊದಲಿನ ಪತ್ರವೂ ನನ್ನ ಹತ್ತಿರ ಇದೆ, ಯಾರಿಗಾದರೂ ಬೇಕಿದ್ದರೆ ಕೇಳಿ, ಹೆಸರು ಬದಲಾಯಿಸಿಕೊಂಡು ಬಳಸಬಹುದು.