ಚೌಕ ಚೌಕವಾಗಿ ಬಂದ ಕೋಟೆ

ದುರ್ಗದ ಕೋಟೆ ಹತ್ತಿ, ಓಬವ್ವನ ಕಿಂಡಿ ಹತ್ತಿರ ನೆರಳಲ್ಲಿ ಕೂತು ಸುಮ್ನೆ ಮೊಬೈಲ್‌ನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದೆ. ನೆಟ್‌ವರ್ಕ್ ಒಂದೇ ಕಡ್ಡಿ. ಗೋಪಾಲಸ್ವಾಮಿ ಹೊಂಡ ಅರ್ಧ ಬಂತು, ಉಳಿದರ್ಧ ಬೂದು ಚೌಕ, ಸ್ವಲ್ಪ ಹೊತ್ತಿಗೆ ಟಪ್ ಅಂತ ಅದೂ ತುಂಬಿಕೊಂಡಿತು.

ಮ್ಯಾಪ್ ಅಂದ್ರೆ ಒಂದೇ ದೊಡ್ಡ ಚಿತ್ರ ಅಲ್ಲ ಅನ್ನುವುದು ನೆಟ್ ಕೈಕೊಟ್ಟಾಗಲೇ ಗೊತ್ತಾಗುತ್ತದೆ. ಮನೆ ನೆಲಕ್ಕೆ ಹಾಕಿಸುತ್ತೇವಲ್ಲ, ಹಾಗೆ ಟೈಲ್ಸ್ ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಒಂದೊಂದೂ 256 ಪಿಕ್ಸೆಲ್ ಉದ್ದ, ಅಷ್ಟೇ ಅಗಲ. ಜೂಮ್ ಸೊನ್ನೆಯಲ್ಲಿ ಇಡೀ ಭೂಮಿ ಒಂದೇ ಟೈಲ್. ಒಂದು ಹಂತ ಒಳಗೆ ಹೋದರೆ ಅದು ನಾಲ್ಕಾಗುತ್ತದೆ, ಆ ನಾಲ್ಕೂ ಮತ್ತೆ ನಾಲ್ಕು ನಾಲ್ಕು, ಹೀಗೇ ಒಡೆಯುತ್ತಾ 10ನೇ ಹಂತಕ್ಕೆ ಹತ್ತು ಲಕ್ಷ ದಾಟುತ್ತದೆ. 18ರಲ್ಲಿ ಒಂದು ಟೈಲ್ ಅಂದ್ರೆ ನಮ್ಮೂರ ಕಡೆ ಸುಮಾರು 150 ಮೀಟರ್ ಅಗಲದ ಜಾಗ ಅಷ್ಟೇ. ಫೋನ್ ಎಲ್ಲವನ್ನೂ ತರಿಸುವುದಿಲ್ಲ, ಪರದೆಗೆ ಬೇಕಾದಷ್ಟೇ. ಇಲ್ಲದಿದ್ರೆ ನನ್ನ ಡೇಟಾ ಪ್ಯಾಕ್ ಗತಿ!

"ಮಾಮ, ಇದರಲ್ಲಿ ಕಿಂಡಿ ಎಲ್ಲಿದೆ?" ಅಂತ ಅಕ್ಕನ ಮಗ ಕೇಳಿದ. ಎಷ್ಟು ಜೂಮ್ ಮಾಡಿದರೂ ಬಂಡೆಗಳ ನೆತ್ತಿ ಮಾತ್ರ. ಒಬ್ಬರು ಬಗ್ಗಿ ತೂರುವಷ್ಟು ಸಂದಿ, ಮೇಲಿಂದ ನೋಡಿದರೆ ಎಲ್ಲಿ ಕಾಣಬೇಕು ಅಲ್ವಾ?