ಮೊಸಾಯಿಕ್ ಮೇಜಿನ ರಿಪೇರಿ: ಉದುರಿದ್ದು 37, ಸಡಿಲವಾಗಿದ್ದು 52

ಮೊದಲ ವಾರ

ದುಂಡನೆಯ ಮೇಜು, 60 ಸೆಂ.ಮೀ. ಅಗಲ. ಕಬ್ಬಿಣದ ಕಾಲು, ಪ್ಲೈವುಡ್ ಹಲಗೆ, ಅದರ ಮೇಲೆ ಗಾಜಿನ ಟೈಲ್ ಚೂರುಗಳು. ನಡುವೆ ಹಳದಿ ಹೂವು. ಅದರ ಸುತ್ತ ಮೂರು ಬಗೆಯ ನೀಲಿ ಸುರುಳಿ ಸುತ್ತಿಕೊಂಡು ಅಂಚಿನವರೆಗೆ ಹೋಗಿದೆ. ವರ್ಷಗಟ್ಟಲೆ ಬಯಲಲ್ಲಿ ನಿಂತು ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಮೇಜು ಇದು. ಒಂದು ಪಕ್ಕದಲ್ಲಿ ಚೂರುಗಳು ಉದುರಿಹೋಗಿವೆ. ಎಣಿಸಿದೆ, 37.

ಎಲ್ಲ ಕಿತ್ತುಹಾಕಿ ಹೊಸದಾಗಿ ಅಂಟಿಸು, ಅದೇ ಸುಲಭ ಅಂತ ನೋಡಿದವರೆಲ್ಲ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಸುರುಳಿ ತಿರುಗುವ ಕಡೆ ಒಂದೊಂದು ಚೂರಿನ ಒಂದು ಬದಿಯನ್ನು ಸ್ವಲ್ಪವೇ ಓರೆಯಾಗಿ ಕತ್ತರಿಸಿ ಕೂರಿಸಿದ್ದಾರೆ. ಅದಕ್ಕೇ ಸಂದುಗಳು ಎಲ್ಲೂ ಅಗಲವಾಗಿಲ್ಲ. ಇಷ್ಟು ತಾಳ್ಮೆಯ ಕೆಲಸವನ್ನು ಸುಮ್ನೆ ಕಿತ್ತು ಬಿಸಾಡೋದು ಸರಿಯಲ್ಲ ಅಲ್ವಾ?

ಉಳಿದ ಚೂರುಗಳನ್ನೂ ಚಮಚದ ಹಿಡಿಯಿಂದ ಒಂದೊಂದಾಗಿ ತಟ್ಟಿ ನೋಡಿದೆ. ಗಟ್ಟಿಯಾಗಿ ಕೂತಿರುವುದು 'ಟಕ್' ಅನ್ನುತ್ತದೆ. ಕೆಳಗೆ ಅಂಟು ಬಿಟ್ಟಿದ್ದರೆ ಸದ್ದು ಟೊಳ್ಳು. ಟೊಳ್ಳು ಕೇಳಿಸಿದ್ದಕ್ಕೆಲ್ಲ ಮಾರ್ಕರ್‌ನಿಂದ ಚುಕ್ಕಿ ಇಟ್ಟೆ. ಮುಗಿಸುವಾಗ 52 ಚುಕ್ಕಿ ಆಗಿದ್ದವು. ಬರೀ ಖಾಲಿ ಜಾಗ ತುಂಬಿ ಬಿಟ್ಟಿದ್ದರೆ ಇವು ಮುಂದಿನ ಮಳೆಗೇ ಉದುರುತ್ತಿದ್ದವು.

ಕಾರಣವೂ ಅಂದೇ ಸಿಕ್ಕಿತು. ಖಾಲಿ ಗುಣಿಯಲ್ಲಿ ಹಳೆಯ ಅಂಟು ತೆಳ್ಳಗೆ, ಪಾರದರ್ಶಕ ಪೊರೆಯಂತೆ ಉಳಿದಿತ್ತು. ಅದರ ಮೇಲೆ ಎರಡು ಹನಿ ನೀರು ಬಿಟ್ಟು ಅರ್ಧ ಗಂಟೆ ಕಾದೆ. ಪೊರೆ ಬೆಳ್ಳಗಾಯಿತು, ಬೆರಳಿಗೆ ಜಿಗುಟಾಗಿ ಅಂಟಿತು. ಬಿಳಿ ಫೆವಿಕಾಲ್ ಥರದ ಸಾಧಾರಣ ಗೋಂದು. ಮನೆಯೊಳಗಿನ ಮೇಜಿಗೆ ಅದು ಸಾಕು. ನೀರು ಬೀಳುವ ಕಡೆ ಮತ್ತೆ ಮೆತ್ತಗಾಗಿ ಹಿಡಿತ ಬಿಡುತ್ತದೆ.

ಎರಡನೇ ಮತ್ತು ಮೂರನೇ ವಾರ

ಸಡಿಲವಾದವನ್ನು ಎತ್ತುವ ಮೊದಲು ನೇರ ಮೇಲಿನಿಂದ ಫೋಟೊ ತೆಗೆದೆ. ಟ್ರೇಸಿಂಗ್ ಪೇಪರ್ ಹಾಸಿ ಪ್ರತಿ ಚೂರಿನ ಆಕಾರ ಬರೆದು ನಂಬರ್ ಹಾಕಿದೆ. ಖಾಲಿ ಗುಣಿಗಳ ಅಂಚನ್ನೂ ಬರೆದುಕೊಂಡೆ, ಹೊಸ ಚೂರು ಕತ್ತರಿಸಲು ಅದೇ ಅಚ್ಚು. ಎತ್ತಿದ ಚೂರುಗಳನ್ನು ಬೆಚ್ಚಗಿನ ನೀರಲ್ಲಿ ನೆನೆಹಾಕಿದರೆ ಬೆನ್ನಿನ ಗೋಂದು ತಾನಾಗಿ ಸುಲಿದು ಬರುತ್ತದೆ.

ಪಕ್ಕದ ಹಳೆಯ ಗ್ರೌಟ್, ಅಂದರೆ ಚೂರುಗಳ ನಡುವಿನ ಸಂದಿಗೆ ತುಂಬಿದ ಗಾರೆ, ಕೆರೆಯುವುದೇ ಬೇಸರದ ಕೆಲಸ. ಒಣಗಿದ್ದಾಗ ಕೆರೆದರೆ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗಾಗಿ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಕೆರೆದೆ. ಟೈಲ್ ದಪ್ಪದ ಮೂರರಲ್ಲಿ ಎರಡು ಪಾಲು ಆಳ ಖಾಲಿಯಾದರೆ ಹೊಸದು ಚೆನ್ನಾಗಿ ಹಿಡಿಯುತ್ತದೆ.

ಹಲಗೆಯ ಅಂಚು ಉಬ್ಬಿ ಪದರ ಬಿಟ್ಟಿತ್ತು. ಹತ್ತು ದಿನ ನೆರಳಲ್ಲಿ ಒಣಗಿಸಿದೆ. ಪದರಗಳ ನಡುವೆ ನೀರು ತಡೆಯುವ ಮರದ ಅಂಟು ತುಂಬಿ ಕ್ಲಾಂಪ್ ಬಿಗಿದೆ. ತಳಭಾಗಕ್ಕೆ ಆಯಿಲ್ ಪೇಂಟ್ ಎರಡು ಕೋಟ್. ಮೇಲಿನದನ್ನೇ ನೋಡುತ್ತಾ ಕೂತರೆ ತಳದಿಂದ ಏರುವ ತೇವ ಮರೆತೇಹೋಗುತ್ತದೆ.

ನಾಲ್ಕನೇ ವಾರ

ಬಣ್ಣ ಹೊಂದಿಸುವುದಕ್ಕೇ ಜಾಸ್ತಿ ದಿನ ಹಿಡಿಯಿತು. ಅದೇ 4 ಮಿ.ಮೀ. ದಪ್ಪದ ಗಾಜು ಸಿಕ್ಕಿತು. ಎರಡು ನೀಲಿ ಸರಿಹೋದವು. ನಡುವಿನ ನೀಲಿ ಮಾತ್ರ ಹೊಸದರಲ್ಲಿ ಒಂದು ಎಳೆ ಹಸಿರು. ಎಲ್ಲ ಹೊಸದನ್ನೂ ಒಂದೇ ಕಡೆ ಕೂರಿಸಿದರೆ ತೇಪೆ ಎದ್ದು ಕಾಣುತ್ತದೆ. ಅದಕ್ಕೆ ಎತ್ತಿಟ್ಟ ಹಳೆಯ ಚೂರುಗಳಲ್ಲಿ ಆಕಾರ ಹೊಂದುವಂಥವನ್ನು ಖಾಲಿ ಜಾಗಕ್ಕೆ ತಂದೆ. ಅವು ಬಿಟ್ಟ ಜಾಗಕ್ಕೆ ಹೊಸದು. ಹೊಸದು, ಹಳೆಯದು ಬೆರೆತು ಹರಡಿಕೊಂಡ ಮೇಲೆ ಆ ಹಸಿರು ಸುರುಳಿಯಲ್ಲೇ ಕರಗಿಹೋಯಿತು. ನಂಬರ್ ಹಾಕಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಕತ್ತರಿಸಲು ಎರಡು ಪುಟ್ಟ ಚಕ್ರ ಇರುವ ಇಕ್ಕಳ ಬೇಕು. ಚೂರನ್ನು ಪೂರ್ತಿ ಒಳಗೆ ತಳ್ಳಬಾರದು. ಅಂಚು ಮಾತ್ರ ಚಕ್ರಗಳ ನಡುವೆ ಇಟ್ಟು ಒಮ್ಮೆ ಒತ್ತಿದರೆ, ಬಿರುಕು ತಾನೇ ಆಚೆ ಬದಿಯವರೆಗೆ ಓಡುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಕತ್ತರಿಸಿದೆ, ಕಿರುಚೂರು ಎಲ್ಲೂ ಸಿಡಿಯಲಿಲ್ಲ. ಕನ್ನಡಕ ಹಾಕಿಕೊಂಡೇ ಇದ್ದೆ. ಅಂಚಿನ ಹರಿತವನ್ನು ಒದ್ದೆ ಎಮರಿ ಪೇಪರ್‌ನಲ್ಲಿ ತಿಕ್ಕಿ ತೆಗೆದೆ.

ಈ ಸಲ ಸಿಮೆಂಟ್ ಟೈಲ್ ಅಡ್ಹೆಸಿವ್. ಅದರಲ್ಲೂ ಪಾಲಿಮರ್ ಬೆರೆತ, ಮರದ ಜೊತೆ ಸ್ವಲ್ಪ ಬಾಗುವ ಬಗೆ, ಯಾಕೆಂದರೆ ಹಲಗೆ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಹಲಗೆಗೆ ಮೊದಲು ಅದಕ್ಕೆ ಹೊಂದುವ ಪ್ರೈಮರ್ ಬಳಿದೆ. ಅಡ್ಹೆಸಿವ್ ಬಿಳಿಯದೇ ತೆಗೆದುಕೊಂಡೆ. ಬೂದುಬಣ್ಣದ್ದು ಹಾಕಿದರೆ ಗಾಜಿನ ಮೂಲಕ ಕಂಡು ನೀಲಿ ಮಂಕಾಗುತ್ತದೆ. ಪ್ರತಿ ಚೂರಿನ ಬೆನ್ನಿಗೆ ತೆಳುವಾಗಿ ಸವರಿ ಒತ್ತಿದೆ. ಹತ್ತು ಹದಿನೈದು ಚೂರಿಗೊಮ್ಮೆ ನೇರವಾದ ಪಟ್ಟಿ ಅಡ್ಡ ಇಟ್ಟು ಮಟ್ಟ ನೋಡಿದೆ. ಅರ್ಧ ಮಿ.ಮೀ. ಎದ್ದಿದ್ದರೂ ಅಂಗೈಗೆ ತಾಗುತ್ತದೆ.

ಐದನೇ ವಾರ

ಸಂದು 2 ಮಿ.ಮೀ. ಹಾಗಾಗಿ ಮರಳಿಲ್ಲದ ಗ್ರೌಟ್. ಮರಳಿನದ್ದು 3 ಮಿ.ಮೀ.ಗಿಂತ ಅಗಲದ ಸಂದಿಗೆ, ಜೊತೆಗೆ ಗಾಜಿಗೆ ಗೀರು ಬೀಳುವ ಭಯ. ಹಳೆಯ ಗ್ರೌಟನ್ನು ಹಲ್ಲುಜ್ಜುವ ಬ್ರಷ್‌ನಿಂದ ತೊಳೆದ ಮೇಲೇ ಅದರ ನಿಜವಾದ ಬಣ್ಣ ಕಂಡಿತು. ಬಿಳಿ ಮತ್ತು ಗಾಢ ಬೂದು ಪುಡಿಗಳನ್ನು ತೂಗಿ ಬೆರೆಸಿ ನಾಲ್ಕು ಮಾದರಿ ಮಾಡಿ ಒಂದು ದಿನ ಒಣಗಲು ಬಿಟ್ಟೆ. ಹಸಿ ಇದ್ದಾಗ ಒಪ್ಪುವ ಬಣ್ಣ ಒಣಗಿದ ಮೇಲೆ ತಿಳಿಯಾಗಿಬಿಡುತ್ತದೆ. ಒಣಗಿದ ಮೇಲೆ ಹೊಂದಿದ್ದು ಮೂರು ಪಾಲು ಬಿಳಿ, ಒಂದು ಪಾಲು ಬೂದು. ನೀರು ಜಾಸ್ತಿಯಾದ ಮಾದರಿ ಉಗುರಿಗೇ ಪುಡಿಯಾಯಿತು.

ನಾದಿದ ಜೇಡಿಮಣ್ಣಿನ ಹದಕ್ಕೆ ಕಲಸಿ, ಹತ್ತು ನಿಮಿಷ ಬಿಟ್ಟು, ಮತ್ತೆ ಕಲಸಿ ರಬ್ಬರ್ ಪಟ್ಟಿಯಿಂದ ಓರೆಯಾಗಿ ಸಂದಿಗೆ ಒತ್ತಿದೆ. ಇಪ್ಪತ್ತು ನಿಮಿಷದ ನಂತರ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿದೆ. ಬಿಳಿ ಮಸುಕಿನ ಕೆಳಗಿಂದ ಸುರುಳಿ ಇಡಿಯಾಗಿ ಎದ್ದು ಬಂದಾಗ ತುಂಬಾ ಖುಷಿಯಾಯಿತು. ಮೂರು ದಿನ ಪ್ಲಾಸ್ಟಿಕ್ ಹಾಳೆ ಮುಚ್ಚಿ ನಿಧಾನಕ್ಕೆ ಗಟ್ಟಿಯಾಗಲು ಬಿಟ್ಟೆ.

ಇವತ್ತು

ಚಮಚ ತೆಗೆದುಕೊಂಡು ಮತ್ತೆ ಎಲ್ಲವನ್ನೂ ತಟ್ಟಿದೆ. ಹೂವಿನ ಎಡಗಡೆ, ಎರಡನೇ ಸುತ್ತಿನಲ್ಲಿ ಒಂದೇ ಒಂದು ಟೊಳ್ಳು. ಹಳೆಯ ಚೂರು, ಮೊದಲ ಸಲ ನನ್ನ ಕಿವಿಗೆ ಸಿಕ್ಕಿರಲಿಲ್ಲ. ನಾಳೆ ಅದನ್ನು ಎತ್ತಿ ಕೂರಿಸಬೇಕು. ಅದು ಒಣಗಿದ ಮೇಲೆ ಗ್ರೌಟ್‌ಗೆ ನೀರು ಇಳಿಯದಂತೆ ತಡೆಯುವ ಸೀಲರ್ ಎರಡು ಕೋಟ್. ಅಲ್ಲಿಯವರೆಗೆ ಮೇಜು ಒಳಗೇ ಇರಲಿ.